ಅಂಚು ಓರೆಯಾಗಿದ್ದೇಕೆ? ಲೇಸರ್ ಬೆಳಕಿಗೆ ಆಕಾರ ಕೊಟ್ಟು ಪಾಲಿಮರ್‌ನಲ್ಲಿ ಸೂಕ್ಷ್ಮ ರಚನೆ ಮಾಡುವ ಬಗೆ

ಬೋಧನಾಭ್ಯಾಸಕ್ಕೆ ನನ್ನನ್ನು ನಂದಿನಿ ಲೇಔಟ್‌ನ ಒಂದು ಪ್ರೌಢಶಾಲೆಗೆ ಹಾಕಿದ್ದರು. ಹತ್ತನೇ ತರಗತಿ, ಘಟಕ ‘ಬೆಳಕು: ಪ್ರತಿಫಲನ ಮತ್ತು ವಕ್ರೀಭವನ’. ಮೊದಲ ಅವಧಿಗೆ ಪ್ಲಾಸ್ಟಿಕ್ ಬಾಟಲಿಯೊಳಗೆ ಊದುಬತ್ತಿಯ ಹೊಗೆ ತುಂಬಿಸಿ, ಅದರೊಳಗೆ ಲೇಸರ್ ಪಾಯಿಂಟರ್ ಹಾಯಿಸಿ ಕೆಂಪು ಗೆರೆ ತೋರಿಸಿದೆ. ಮಕ್ಕಳು ಖುಷಿಪಟ್ಟರು. “ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ಲೇಸರ್ ಆದರಂತೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ” ಎಂದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ಅವನ ತಂದೆ ಪೀಣ್ಯದಲ್ಲಿ ಅಕ್ರಿಲಿಕ್ ನಾಮಫಲಕ ಕತ್ತರಿಸುವ ಕಡೆ ಕೆಲಸ ಮಾಡುತ್ತಾರೆ. “ಮಿಸ್, ದಪ್ಪ ಶೀಟ್ ಲೇಸರಲ್ಲಿ ಕಟ್ ಮಾಡಿದ್ರೆ ಅಂಚು ನೆಟ್ಟಗೆ ಬರಲ್ಲ. ಸ್ವಲ್ಪ ಓರೆ ಇರುತ್ತೆ.” ನಾನು ಯೋಚಿಸದೆ, “ಮಷೀನ್ ಸರಿ ಇಲ್ಲದಿದ್ದರೆ ಹಾಗಾಗುತ್ತೆ” ಎಂದುಬಿಟ್ಟೆ. ಅವನು ಕುಳಿತ. ಆ ವಾರವೆಲ್ಲ ಮತ್ತೆ ಕೈ ಎತ್ತಲಿಲ್ಲ.

ಸಂಜೆ ಅವಲೋಕನ ಪುಸ್ತಕ ಬರೆಯುವಾಗ ಆ ಮಾತು ಚುಚ್ಚತೊಡಗಿತು. ಮೂರೇ ದಿನ ಬಿಟ್ಟು ಅದೇ ಘಟಕದಲ್ಲಿ ಪೀನ ಮಸೂರದ ಪಾಠವಿತ್ತು. ಕಿರಣಗಳು ಮಸೂರವನ್ನು ದಾಟಿ ಒಂದು ಬಿಂದುವಿನಲ್ಲಿ ಸೇರಿ, ಮತ್ತೆ ಹರಡುತ್ತವೆ ಎಂದು ನಾನೇ ಹೇಳಬೇಕಿತ್ತು. ಕತ್ತರಿಸುವ ಯಂತ್ರದಲ್ಲೂ ಇರುವುದು ಅದೇ. ಕೊಳವೆಯಿಂದ ಬರುವ ಕೆಲವು ಮಿಲಿಮೀಟರ್ ಅಗಲದ ಕಿರಣ ಮಸೂರ ದಾಟಿ ಕಿರಿದಾಗುತ್ತದೆ, ಸೊಂಟದಲ್ಲಿ ಸುಮಾರು 0.1 ಮಿಲಿಮೀಟರ್ ಆಗುತ್ತದೆ, ಆಮೇಲೆ ಮತ್ತೆ ಅಗಲವಾಗುತ್ತದೆ. ಆಕಾರ ಶಿವನ ಕೈಯ ಡಮರುವಿನದು. ತೆಳು ಹಾಳೆಯಲ್ಲಿ ಇದು ಗೊತ್ತಾಗುವುದಿಲ್ಲ, ದಪ್ಪ ಹಾಳೆಯಲ್ಲಿ ಡಮರುವಿನ ಗುರುತು ಅಂಚಿನ ಮೇಲೆ ಉಳಿಯುತ್ತದೆ. ಹುಡುಗ ನೋಡಿದ್ದು ಯಂತ್ರದ ದೋಷವನ್ನಲ್ಲ, ಬೆಳಕಿನ ಆಕಾರವನ್ನು. ದೋಷ ನನ್ನ ಉತ್ತರದಲ್ಲಿತ್ತು.

ಇದನ್ನು ಸರಿಮಾಡಲು ಏನೇನು ಓದಿದೆನೋ ಅದು ನನ್ನನ್ನು ಬೇರೆಲ್ಲೋ ಒಯ್ದಿತು: ಬೆಳಕಿಗೆ ಬೇಕಾದ ಆಕಾರ ಕೊಟ್ಟು, ಆ ಆಕಾರವನ್ನು ಪಾಲಿಮರ್‌ನಲ್ಲಿ ಕೂದಲೆಳೆಗಿಂತ ಸಣ್ಣದಾಗಿ ಅಚ್ಚೊತ್ತುವ ವಿದ್ಯೆಗೆ. ಅದರ ಒಂದು ಮುಖ್ಯ ಬೇರು ನಮ್ಮ ಶಾಲೆಯಿಂದ ಒಂದೆರಡು ಬಸ್ಸಿನ ದೂರದಲ್ಲೇ ಇದೆ ಎಂಬುದು ನನಗೆ ಗೊತ್ತಿರಲಿಲ್ಲ. ಸಹ ಪ್ರಶಿಕ್ಷಣಾರ್ಥಿಗಳಿಗೆ ತರಗತಿಯಲ್ಲಿ ಉಪಯೋಗಕ್ಕೆ ಬರಬಹುದೆಂದು, ನಾನು ಅರ್ಥಮಾಡಿಕೊಂಡ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಲಿಮರ್ ಕಡೆಯಿಂದ. ಪೀಣ್ಯದ ಯಂತ್ರದಲ್ಲಿರುವುದು ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಅದನ್ನು ರೂಪಿಸಿದವರು ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಅದರ ತರಂಗಾಂತರ 10.6 ಮೈಕ್ರೋಮೀಟರ್, ಕಣ್ಣಿಗೆ ಕಾಣದ ಅವಕೆಂಪು. ಅದು ಅಕ್ರಿಲಿಕ್ಕನ್ನು ಕಾಯಿಸಿ ಆವಿ ಮಾಡುತ್ತದೆ. ಉದ್ದ ಸರಪಳಿ ಬಿಚ್ಚಿಕೊಂಡು ಮಣಿಗಳಾಗಿ ಹಾರಿಹೋಗುತ್ತದೆ, ಅಂಗಡಿಯ ಮುಂದೆ ಮೂಗಿಗೆ ಬಡಿಯುವ ವಾಸನೆ ಆ ಮಣಿಗಳದ್ದು. ನಾವು ಈಗ ನೋಡಬೇಕಾದ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿ ಬೆಳಕು ಮಣಿಗಳನ್ನು ಬಿಡಿಸುವುದಿಲ್ಲ, ಪೋಣಿಸುತ್ತದೆ.

ಹಲ್ಲಿನ ಡಾಕ್ಟರ ಹತ್ತಿರ ಹುಳುಕು ತುಂಬಿಸಿಕೊಂಡವರು ನೀಲಿ ಬೆಳಕಿನ ಕಡ್ಡಿಯನ್ನು ನೋಡಿರುತ್ತಾರೆ. ಹಿಟ್ಟಿನಂತಿರುವ ಅಂಟು ಕೆಲವು ಸೆಕೆಂಡುಗಳಲ್ಲಿ ಕಲ್ಲಾಗುತ್ತದೆ. ಆ ಅಂಟಿನಲ್ಲಿ ಕಾರ್ಬನ್-ಕಾರ್ಬನ್ ದ್ವಿಬಂಧವಿರುವ ಸಣ್ಣ ಅಣುಗಳೂ, ಬೆಳಕನ್ನು ಹೀರಿ ಕ್ರಿಯೆ ಶುರುಮಾಡುವ ಪ್ರಾರಂಭಕವೂ ಇರುತ್ತವೆ. ಹಲ್ಲಿನ ಅಂಟಿನಲ್ಲಿ ಹೆಚ್ಚಾಗಿ ಬಳಸುವ ಪ್ರಾರಂಭಕದ ಹೆಸರು ಕ್ಯಾಂಫರ್‌ಕ್ವಿನೋನ್. ನಾವು ಮಂಗಳಾರತಿಗೆ ಹಚ್ಚುವ ಕರ್ಪೂರದಿಂದಲೇ ಅದನ್ನು ತಯಾರಿಸಬಹುದು. ಸುಮಾರು 470 ನ್ಯಾನೋಮೀಟರ್‌ನ ನೀಲಿ ಬೆಳಕನ್ನು ಅದು ಹೀರುತ್ತದೆ. ಆಗ ಹುಟ್ಟುವ ಮುಕ್ತ ರ‍್ಯಾಡಿಕಲ್ ಪಕ್ಕದ ಅಣುವಿನ ದ್ವಿಬಂಧವನ್ನು ತೆರೆಯುತ್ತದೆ, ಅದು ಮುಂದಿನದನ್ನು ತೆರೆಯುತ್ತದೆ, ಹೀಗೆ ಸರಪಳಿ ಬೆಳೆಯುತ್ತದೆ. ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕದಲ್ಲಿ ಅಪರ್ಯಾಪ್ತ ಸಂಯುಕ್ತಗಳ ಸಂಕಲನ ಕ್ರಿಯೆ ಹೇಳುವಾಗ ವನಸ್ಪತಿಯ ಉದಾಹರಣೆಯ ಜೊತೆ ಇದನ್ನೂ ಸೇರಿಸಬಹುದು. ಹಲ್ಲು ಎಲ್ಲರಿಗೂ ಇದೆ.

ತರಗತಿಗೆ ನಾನು ಆರಿಸಿಕೊಂಡದ್ದು ಉಗುರಿಗೆ ಹಚ್ಚುವ ಯುವಿ ಜೆಲ್. ಬ್ಯೂಟಿ ಪಾರ್ಲರ್‌ನಲ್ಲಿ ಕೆಲಸ ಮಾಡುವ ಗೆಳತಿಯಿಂದ ದೀಪ ಎರವಲು ತಂದೆ. ಗಾಜಿನ ಸ್ಲೈಡ್ ಮೇಲೆ ಜೆಲ್ ತೆಳ್ಳಗೆ ಹರಡಿ, ‘ಕ’ ಅಕ್ಷರ ಕತ್ತರಿಸಿ ತೆಗೆದ ಕಪ್ಪು ಕಾಗದವನ್ನು ಜೆಲ್‌ಗೆ ತಾಗದಂತೆ ಮೇಲಿಟ್ಟು, ಒಂದು ನಿಮಿಷ ದೀಪ ಹಾಕಿ, ಸ್ಪಿರಿಟ್‌ನಿಂದ ತೊಳೆದರೆ ‘ಕ’ ಮಾತ್ರ ಉಳಿಯುತ್ತದೆ. ಇದು ಕಂಪ್ಯೂಟರ್ ಚಿಪ್ ತಯಾರಿಕೆಯಲ್ಲಿ ಬಳಸುವ ವಿಧಾನದ ಬಡ ನೆಂಟ. (ಒಂದು ಎಚ್ಚರಿಕೆ: ಗಟ್ಟಿಯಾಗದ ಜೆಲ್ ಚರ್ಮಕ್ಕೆ ಅಲರ್ಜಿ ಮಾಡಬಲ್ಲದು. ಕೈಗವಸು ಹಾಕಿ ಶಿಕ್ಷಕರೇ ಮಾಡಬೇಕು. ದೀಪದ ಕಡೆ ಯಾರೂ ನೇರ ನೋಡಬಾರದು.)

ತೊಳೆಯುವ ಮೊದಲು ಮುಟ್ಟಿದರೆ ಗಟ್ಟಿಯಾದ ಅಕ್ಷರದ ಮೇಲ್ಪದರ ಅಂಟಂಟಾಗಿರುತ್ತದೆ. ಪಾರ್ಲರ್‌ನವರು ಅದನ್ನು ದಿನವೂ ಒರೆಸುತ್ತಾರೆ, ಕಾರಣ ಕೇಳುವುದಿಲ್ಲ. ಗಾಳಿಯ ಆಕ್ಸಿಜನ್ ಮುಕ್ತ ರ‍್ಯಾಡಿಕಲ್‌ಗಳನ್ನು ನುಂಗುತ್ತದೆ, ಮೇಲ್ಮೈಯಲ್ಲಿ ಸರಪಳಿ ಬೆಳೆಯಲು ಬಿಡುವುದಿಲ್ಲ. ಜೆಲ್‌ನೊಳಗೆ ಕರಗಿರುವ ಆಕ್ಸಿಜನ್ನೂ ಹೀಗೆಯೇ ತಡೆಯುತ್ತದೆ. ಅದನ್ನು ಮೀರಿಸುವಷ್ಟು ರ‍್ಯಾಡಿಕಲ್ ಹುಟ್ಟಿದಾಗ ಮಾತ್ರ ಗಟ್ಟಿಯಾಗುವುದು. ಅಂದರೆ ಇಲ್ಲೊಂದು ಹೊಸ್ತಿಲಿದೆ. ಈ ಹೊಸ್ತಿಲು ಮುಂದೆ ಬೇಕಾಗುತ್ತದೆ.

‘ಕ’ ಅಕ್ಷರ ಕೈಯಿಂದ ಕೈಗೆ ಹೋಗುತ್ತಿದ್ದಾಗ ನಾನು ಕೇಳಿದ ಪ್ರಶ್ನೆ: ಒಂದು ಲೋಟ ತುಂಬ ಜೆಲ್ ಇದೆ. ಮೇಲೂ ಕೆಳಗೂ ದ್ರವವಾಗಿಯೇ ಇರಬೇಕು, ನಟ್ಟನಡುವೆ ಮಾತ್ರ ಸಾಸಿವೆಯಷ್ಟು ಗಟ್ಟಿಯಾಗಬೇಕು. ಆಗುತ್ತದೆಯೇ? ಬಹುತೇಕರು ಮಸೂರ ಇಟ್ಟು ನಡುವೆ ಫೋಕಸ್ ಮಾಡಿ ಎಂದರು. ಒಳ್ಳೆಯ ಉತ್ತರ, ಆದರೆ ಸಾಲದು. ಏಕೆ ಸಾಲದು ಎಂಬುದಕ್ಕೆ ಡಮರು ಮತ್ತೆ ಕರಿಹಲಗೆಗೆ ಬಂತು.

ಡಮರುವಿನ ಸೊಂಟದಲ್ಲಿ ಬೆಳಕಿನ ಅಗಲ 1 ಎಂದಿರಲಿ, ಸ್ವಲ್ಪ ಮೇಲೆ 10. ಅಲ್ಲಿ ವಿಸ್ತೀರ್ಣ 100 ಪಟ್ಟು, ಆದ್ದರಿಂದ ತೀವ್ರತೆ ನೂರರಲ್ಲಿ ಒಂದು ಪಾಲು. ಆದರೆ ನೂರು ಪಟ್ಟು ಜಾಗದಲ್ಲಿ ನೂರರಲ್ಲೊಂದು ಪಾಲು ಎಂದರೆ ಆ ಪದರ ಒಟ್ಟಾರೆ ಹೀರುವ ಬೆಳಕು ಸೊಂಟದಲ್ಲಿ ಹೀರಿದಷ್ಟೇ. ಪ್ರತಿ ಪದರಕ್ಕೂ ಲೆಕ್ಕ ಒಂದೇ. ಬೆಳಕು ಹಾದುಹೋದ ದಾರಿಯೆಲ್ಲ ಕ್ರಿಯೆ ನಡೆಯುತ್ತದೆ, ನಡುವಿನ ಸಾಸಿವೆಯ ಜೊತೆ ಮೇಲಿನ ದಾರಿಯೂ ಗಟ್ಟಿಯಾಗತೊಡಗುತ್ತದೆ.

ಇದಕ್ಕೆ ಪರಿಹಾರ ಲೇಸರ್ ಹುಟ್ಟುವುದಕ್ಕೆ ಮೂರು ದಶಕ ಮೊದಲೇ ಕಾಗದದ ಮೇಲಿತ್ತು. ಜರ್ಮನಿಯ ಮರಿಯಾ ಗೋಪರ್ಟ್-ಮೇಯರ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ, ಒಂದು ಅಣು ಎರಡು ಫೋಟಾನ್‌ಗಳನ್ನು ಏಕಕಾಲಕ್ಕೆ ಹೀರಬಲ್ಲದೆಂದು ಲೆಕ್ಕ ಹಾಕಿದ್ದರು, 1931ರಲ್ಲಿ ಅದು ಪೂರ್ಣ ರೂಪದಲ್ಲಿ ಪ್ರಕಟವಾಯಿತು. ಪ್ರಯೋಗದಲ್ಲಿ ಕಂಡದ್ದು 1961ರಲ್ಲಿ, ಲೇಸರ್ ಬಂದ ಮರುವರ್ಷ. (ಅವರಿಗೆ 1963ರಲ್ಲಿ ನೊಬೆಲ್ ಬಂದದ್ದು ಬೇರೆ ಕೆಲಸಕ್ಕೆ, ಪರಮಾಣು ಬೀಜದ ಕವಚ ಮಾದರಿಗೆ.) 390 ನ್ಯಾನೋಮೀಟರ್‌ನ ಒಂದು ನೇರಳಾತೀತ ಫೋಟಾನ್ ಮಾಡುವ ಕೆಲಸವನ್ನು 780 ನ್ಯಾನೋಮೀಟರ್‌ನ ಎರಡು ಅವಕೆಂಪು ಫೋಟಾನ್‌ಗಳು ಸೇರಿ ಮಾಡುತ್ತವೆ. ಒಂಟಿಯಾಗಿ ಬಂದ ಅವಕೆಂಪು ಫೋಟಾನ್ ಜೆಲ್ಲನ್ನು ಸುಮ್ಮನೆ ದಾಟಿಹೋಗುತ್ತದೆ.

ಎರಡು ಫೋಟಾನ್ ಒಟ್ಟಿಗೆ ಸಿಗುವ ಸಂಭವ ತೀವ್ರತೆಯ ವರ್ಗಕ್ಕೆ ಅನುಪಾತವಾಗಿರುತ್ತದೆ. ಈಗ ಕರಿಹಲಗೆಯ ಲೆಕ್ಕ ತಿದ್ದೋಣ. ಡಮರುವಿನ ಅಗಲ 10 ಇದ್ದ ಕಡೆ ತೀವ್ರತೆ 1/100, ಅದರ ವರ್ಗ 1/10,000. ನೂರು ಪಟ್ಟು ವಿಸ್ತೀರ್ಣದಿಂದ ಗುಣಿಸಿದರೂ ಒಟ್ಟು 1/100. ಸೊಂಟದಲ್ಲಿ ನಡೆದದ್ದರ ನೂರರಲ್ಲಿ ಒಂದು ಪಾಲು ಮಾತ್ರ, ಅದೂ ಅಷ್ಟು ದೊಡ್ಡ ಜಾಗದಲ್ಲಿ ಚದುರಿ. ಅದು ಆಕ್ಸಿಜನ್ನಿನ ಹೊಸ್ತಿಲು ದಾಟುವುದಿಲ್ಲ. ಸೊಂಟದಲ್ಲಷ್ಟೇ ದಾಟುತ್ತದೆ. ಲೋಟದ ನಡುವೆ ಸಾಸಿವೆ ಸಿಕ್ಕಿತು!

ನಾನು ಮೊದಲು ‘ಇಬ್ಬರು ಸೇರಿ ಕಲ್ಲು ಎತ್ತಿದಂತೆ’ ಎಂಬ ಹೋಲಿಕೆ ಬರೆದುಕೊಂಡಿದ್ದೆ, ಆಮೇಲೆ ಹೊಡೆದುಹಾಕಿದೆ. ಕಲ್ಲಿನ ಹತ್ತಿರ ಒಬ್ಬ ಬಂದು ಇನ್ನೊಬ್ಬನಿಗೆ ಕಾಯಬಹುದು, ಇಲ್ಲಿ ಕಾಯುವ ಪ್ರಶ್ನೆಯೇ ಇಲ್ಲ. ಅದಕ್ಕೇ ಬೆಳಕನ್ನು ಜಾಗದಲ್ಲಷ್ಟೇ ಅಲ್ಲ, ಕಾಲದಲ್ಲೂ ಒತ್ತಬೇಕು. ಇಂಥ ಕೆಲಸಕ್ಕೆ ಬಳಸುವ ಲೇಸರ್ ಸೆಕೆಂಡಿಗೆ ಸುಮಾರು 8 ಕೋಟಿ ಮಿಡಿತಗಳನ್ನು ಬಿಡುತ್ತದೆ, ಒಂದೊಂದೂ ಸುಮಾರು 100 ಫೆಮ್ಟೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಹೋಗುವ ದೂರ 30 ಮೈಕ್ರೋಮೀಟರ್, ಕೂದಲಿನ ದಪ್ಪಕ್ಕಿಂತ ಕಡಿಮೆ. ಮಿಡಿತಗಳ ನಡುವಿನ ಬಿಡುವು 12.5 ನ್ಯಾನೋಸೆಕೆಂಡ್. ಭಾಗಿಸಿ ನೋಡಿದರೆ ಸರಾಸರಿ 10 ಮಿಲಿವ್ಯಾಟ್ ಇರುವ ಕಿರಣ ಮಿಡಿತದ ಕ್ಷಣದಲ್ಲಿ 1,250 ವ್ಯಾಟ್ ಆಗಿರುತ್ತದೆ. ಈ ಭಾಗಾಕಾರವನ್ನು ಮಕ್ಕಳಿಂದಲೇ ಮಾಡಿಸಿದೆ. ಸೊನ್ನೆಗಳಲ್ಲಿ ಎಡವಿದರು, ನಾನೂ ಒಮ್ಮೆ ಎಡವಿದೆ.

ಹೀಗೆ ಸೊಂಟದ ಚುಕ್ಕಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಓಡಿಸುತ್ತ ಹೋದರೆ ಮೂರು ಆಯಾಮದಲ್ಲಿ ಚಿತ್ರ ಬರೆಯಬಹುದು. ಉಳಿದ ದ್ರವ ತೊಳೆದರೆ ಬೊಂಬೆ ಸಿಗುತ್ತದೆ. ಜಪಾನಿನಲ್ಲಿ ಮರುವೊ, ನಕಮುರ ಮತ್ತು ಕವಾಟ 1997ರಲ್ಲಿ ಇದನ್ನು ಮಾಡಿ ತೋರಿಸಿದರು. 2001ರಲ್ಲಿ ಒಸಾಕದ ಕವಾಟ ಅವರ ತಂಡ ಒಂದು ಗೂಳಿಯನ್ನೇ ಕಡೆಯಿತು: ಉದ್ದ 10 ಮೈಕ್ರೋಮೀಟರ್, ಎತ್ತರ 7. ಹೆಚ್ಚುಕಡಿಮೆ ನಮ್ಮ ಒಂದು ಕೆಂಪು ರಕ್ತಕಣದಷ್ಟು. ಅವರು ಬರೆಯಬಲ್ಲ ಅತಿ ಸಣ್ಣ ಗುರುತು 120 ನ್ಯಾನೋಮೀಟರ್, ಬಳಸಿದ ಬೆಳಕಿನ ತರಂಗಾಂತರದ ಆರರಲ್ಲೊಂದು ಪಾಲು. ಬರಿಯ ಮಸೂರದಿಂದ ಇಷ್ಟು ಸಣ್ಣ ಚುಕ್ಕಿ ಬರುವುದಿಲ್ಲ. ಬೆಳಕು ಅಲೆಯಾದ್ದರಿಂದ ಚುಕ್ಕಿಗೆ ಒಂದು ಮಿತಿಯಿದೆ, ತರಂಗಾಂತರದ ಅರ್ಧದ ಆಸುಪಾಸು. ವರ್ಗದ ನಿಯಮ ಮತ್ತು ಹೊಸ್ತಿಲು ಎರಡೂ ಸೇರಿ ಆ ಚುಕ್ಕಿಯ ತುತ್ತತುದಿಯನ್ನಷ್ಟೇ ಗಟ್ಟಿ ಮಾಡುತ್ತವೆ.

ಆದರೆ ಚುಕ್ಕಿ ಚುಕ್ಕಿಯಾಗಿ ಬರೆಯುವುದು ನಿಧಾನ. ರಂಗೋಲಿ ಹಿಟ್ಟಿನಿಂದ ಇಡೀ ನಂದಿನಿ ಲೇಔಟ್ ತುಂಬಿಸಿದ ಹಾಗೆ. ಅದಕ್ಕೆ ಇನ್ನೊಂದು ದಾರಿ, ಬೆಳಕಿಗೇ ಆಕಾರ ಕೊಡುವುದು. ಚಕ್ಕುಲಿ ಒರಳಿನ ಬಿಲ್ಲೆ ಬದಲಿಸಿದರೆ ಹಿಟ್ಟು ಬೇರೆ ಆಕಾರದಲ್ಲಿ ಬರುತ್ತದಲ್ಲ, ಹಾಗೆ ಎಂದೆ ಮಕ್ಕಳಿಗೆ. ಈ ಹೋಲಿಕೆಯೂ ಅರ್ಧ ದಾರಿಗೆ ನಿಲ್ಲುತ್ತದೆ. ಚಕ್ಕುಲಿ ಬಿಲ್ಲೆ ಹಿಟ್ಟನ್ನು ತಡೆದು ಆಕಾರ ಕೊಡುತ್ತದೆ. ಬೆಳಕನ್ನು ತಡೆದರೆ ಶಕ್ತಿ ವ್ಯರ್ಥ, ಅಂಚುಗಳೂ ಮಸುಕು. ಬೆಳಕಿಗೆ ಆಕಾರ ಕೊಡುವುದು ಎಂದರೆ ಕತ್ತರಿಸುವುದಲ್ಲ, ಅದರ ಒಂದೊಂದು ಭಾಗವನ್ನು ಬೇರೆ ಬೇರೆ ಪ್ರಮಾಣದಲ್ಲಿ ತಡಮಾಡಿಸುವುದು. ಇಡೀ ಪಾಠದ ತಿರುಳು ಇಷ್ಟೇ, ಮತ್ತು ನನ್ನ ಮಟ್ಟಿಗೆ ಇಡೀ ಘಟಕದ ತಿರುಳೂ ಇಷ್ಟೇ.

ಶಾಲೆಯ ಅಂಗಳದಲ್ಲಿ ಇದನ್ನು ಮಾಡಿ ನೋಡಬಹುದು. ಹತ್ತು ಮಕ್ಕಳು ಸಾಲಾಗಿ ಭುಜಕ್ಕೆ ಭುಜ ತಾಗಿಸಿ ಕವಾಯತಿನ ಹಾಗೆ ಹೆಜ್ಜೆ ಹಾಕಲಿ, ಸಾಲು ನೇರವಾಗಿ ಮುಂದೆ ಹೋಗುತ್ತದೆ. ಈಗ ನಡುವಿನವರು ಎರಡು ಹೆಜ್ಜೆ ತಡವಾಗಿ ಹೊರಡಲಿ, ಅವರ ಅಕ್ಕಪಕ್ಕದವರು ಒಂದು ಹೆಜ್ಜೆ. ಸಾಲು ಬಾಗುತ್ತದೆ. ಪ್ರತಿಯೊಬ್ಬರೂ ಬಾಗಿದ ಸಾಲಿಗೆ ಲಂಬವಾಗಿ ನಡೆದರೆ ಎಲ್ಲರೂ ಒಂದೆಡೆ ಬಂದು ಸೇರುತ್ತಾರೆ. ಪೀನ ಮಸೂರ ಮಾಡುವುದು ಇದನ್ನೇ. ನಡುವೆ ಗಾಜು ದಪ್ಪ, ಅಲ್ಲಿ ಹಾಯುವ ಬೆಳಕು ಹೆಚ್ಚು ತಡವಾಗುತ್ತದೆ. ಮಸೂರವೆಂದರೆ ತಡಮಾಡಿಸುವ ಒಂದು ಸಿದ್ಧ ನಕ್ಷೆ. ನಕ್ಷೆ ಬೇರೆಯಾದರೆ ಬೆಳಕಿನ ಆಕಾರವೂ ಬೇರೆ.

ನಕ್ಷೆಯನ್ನು ಬೇಕೆಂದಾಗ ಬದಲಿಸುವ ಪರದೆಗಳು ಈಗ ಪ್ರಯೋಗಾಲಯಗಳಲ್ಲಿವೆ. ಕ್ಯಾಲ್ಕುಲೇಟರ್, ಟಿವಿ ಪರದೆಗಳಲ್ಲಿರುವ ದ್ರವ ಹರಳೇ ಅಲ್ಲೂ ಇರುವುದು. ವಿದ್ಯುತ್ತು ಕೊಟ್ಟಾಗ ಪ್ರತಿ ಚೌಕದ ಅಣುಗಳು ವಾಲುತ್ತವೆ, ಅಲ್ಲಿ ಬೆಳಕು ಎಷ್ಟು ತಡವಾಗಬೇಕೆಂಬುದು ನಿರ್ಧಾರವಾಗುತ್ತದೆ. ಒಂದು ನಕ್ಷೆ ಹಾಕಿದರೆ ಒಂದು ಚುಕ್ಕಿಯ ಬದಲು ನೂರು ಚುಕ್ಕಿ, ನೂರು ಗೂಳಿ ಒಟ್ಟಿಗೆ. ಇನ್ನೊಂದು ನಕ್ಷೆ ಸುರುಳಿ ಮೆಟ್ಟಿಲಿನಂಥದು: ಕಿರಣದ ಅಕ್ಷದ ಸುತ್ತ ಒಂದು ಸುತ್ತು ಬಂದರೆ ತಡ ಸರಿಯಾಗಿ ಒಂದು ತರಂಗಾಂತರದಷ್ಟು ಹೆಚ್ಚುತ್ತದೆ. ನಟ್ಟನಡುವೆ ಎಲ್ಲ ಬಗೆಯ ತಡಗಳೂ ಸೇರಿ ಒಂದನ್ನೊಂದು ಅಳಿಸಿಬಿಡುವುದರಿಂದ ಅಲ್ಲಿ ಕತ್ತಲು. ಗೋಡೆಗೆ ಹಾಯಿಸಿದರೆ ಉದ್ದಿನ ವಡೆಯಂತೆ ಕಾಣುತ್ತದೆ. ಈ ತಿರುಚು ಬೆಳಕನ್ನು ಜೆಲ್‌ನೊಳಗೆ ಒಮ್ಮೆ ಹಾಯಿಸಿದರೆ ಕೊಳವೆಯಂಥ ರಚನೆ ಮೂಡಿಸಬಹುದು.

ನಾನು ಮೊದಲೇ ಹೇಳಿದ, ಒಂದೆರಡು ಬಸ್ಸಿನ ದೂರದ ಕಥೆ ಇಲ್ಲಿ ಬರುತ್ತದೆ.

ನಮ್ಮ ಬಡಾವಣೆಯಿಂದ ಯಶವಂತಪುರ ದಾಟಿ, ಟಾಟಾ ಇನ್‌ಸ್ಟಿಟ್ಯೂಟ್ ದಾಟಿ, ಮೇಖ್ರಿ ವೃತ್ತದ ಕಡೆ ಹೋದರೆ ರಾಮನ್ ಸಂಶೋಧನಾ ಸಂಸ್ಥೆ ಸಿಗುತ್ತದೆ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ್ದು. ಅಲ್ಲಿ ಅವರ ತಂಗಿಯ ಮಗ ಎಸ್. ಪಂಚರತ್ನಂ ಹರಳುಗಳಲ್ಲಿ ಬೆಳಕು ಹೇಗೆ ಹಾಯುತ್ತದೆಂದು ನೋಡುತ್ತಿದ್ದರು. 1956ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವರು ಬೆಳಕಿನ ವ್ಯತಿಕರಣದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಲೇಸರ್ ಹುಟ್ಟಲು ಇನ್ನೂ ನಾಲ್ಕು ವರ್ಷವಿತ್ತು. ನಮ್ಮಲ್ಲಿ ಹಲವರು ಅದೇ ವಯಸ್ಸಿನಲ್ಲಿ ಪಾಠಯೋಜನೆಯ ಅಂಕಣಗಳನ್ನು ತುಂಬುತ್ತಿದ್ದೇವೆ.

ಅವರು ಕಂಡದ್ದನ್ನು ಹೇಳಲು ಮೊದಲು ಧ್ರುವೀಕರಣ ಬೇಕು. ಬೆಳಕಿನ ಕಂಪನಕ್ಕೆ ಒಂದು ದಿಕ್ಕಿದೆ: ನೇರ ಗೆರೆಯಲ್ಲಿ ಕಂಪಿಸಬಹುದು, ವೃತ್ತಾಕಾರವಾಗಿ ಎಡಕ್ಕೋ ಬಲಕ್ಕೋ ಸುತ್ತುತ್ತ ಬರಬಹುದು. ಈ ಎಲ್ಲ ಸ್ಥಿತಿಗಳನ್ನು ಒಂದು ಗೋಳದ ಮೇಲೆ ಬಿಂದುಗಳಾಗಿ ಗುರುತಿಸುತ್ತಾರೆ. ಎರಡು ಧ್ರುವಗಳಲ್ಲಿ ಎಡ ಮತ್ತು ಬಲ ಸುತ್ತು, ಸಮಭಾಜಕದ ಮೇಲೆ ನೇರ ಗೆರೆಗಳು. ಬೆಳಕಿನ ಧ್ರುವೀಕರಣವನ್ನು ಹಂತಹಂತವಾಗಿ ಬದಲಿಸಿ, ಗೋಳದ ಮೇಲೆ ತ್ರಿಕೋನ ಸುತ್ತಿಸಿ ಹೊರಟಲ್ಲಿಗೇ ತಂದರೆ ಎಲ್ಲವೂ ಮೊದಲಿನಂತೆಯೇ ಇರಬೇಕಲ್ಲ? ಇರುವುದಿಲ್ಲ. ಅಲೆಯ ಏರಿಳಿತ ಸ್ವಲ್ಪ ಸರಿದಿರುತ್ತದೆ. ಎಷ್ಟು ಸರಿದಿದೆ ಎಂಬುದು ಸುತ್ತಿದ ತ್ರಿಕೋನದ ವಿಸ್ತೀರ್ಣವನ್ನು, ಸರಿಯಾಗಿ ಹೇಳಬೇಕೆಂದರೆ ಅದರ ಘನಕೋನದ ಅರ್ಧವನ್ನು, ಅವಲಂಬಿಸಿದೆ. ದಾರಿಯ ಉದ್ದವನ್ನಲ್ಲ, ಗಾಜಿನ ದಪ್ಪವನ್ನಲ್ಲ.

ನನಗೆ ಇದು ನಂಬಿಕೆಗೆ ಬಂದದ್ದು ಒಂದು ಮೂಸಂಬಿಯಿಂದ. ಹಣ್ಣಿನ ತೊಟ್ಟಿನ ಹತ್ತಿರ ಒಂದು ಹಲ್ಲುಕಡ್ಡಿಯನ್ನು ಸಿಪ್ಪೆಗೆ ಒರಗಿಸಿ ಮಲಗಿಸಿ, ಕಡ್ಡಿಯ ತುದಿ ನಾವು ಹೊರಡುವ ದಿಕ್ಕಿಗಿರಲಿ. ಕಡ್ಡಿಯನ್ನು ತಿರುಗಿಸದೆ ಜಾರಿಸುತ್ತ ನಡುಗೆರೆಗೆ ಇಳಿಸಿ, ನಡುಗೆರೆಯ ಉದ್ದಕ್ಕೂ ಹಣ್ಣಿನ ಕಾಲು ಸುತ್ತು ಸರಿಸಿ, ಮತ್ತೆ ತೊಟ್ಟಿಗೆ ಏರಿಸಿ. ದಾರಿಯಲ್ಲಿ ಎಲ್ಲೂ ತಿರುಗಿಸಿಲ್ಲ, ಆದರೂ ಕಡ್ಡಿ 90 ಡಿಗ್ರಿ ತಿರುಗಿರುತ್ತದೆ. ಗೋಳದ ಬಾಗು ಅದನ್ನು ತಿರುಗಿಸಿತು. ಬೆಳಕಿನ ಸಂಗತಿಯಲ್ಲಿ ಕಡ್ಡಿಯ ಬದಲು ಅಲೆಯ ಏರಿಳಿತ, ತಿರುಗುವುದು ಅದರ ಅರ್ಧದಷ್ಟು. ಹತ್ತನೇ ತರಗತಿಗೆ ಇಷ್ಟೆಲ್ಲ ಬೇಡ ಎನ್ನುವವರೂ ಮೂಸಂಬಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ.

ಆ ಪ್ರಬಂಧವನ್ನು ಜಗತ್ತು ಬಹುಕಾಲ ಗಮನಿಸಲಿಲ್ಲ. ಪಂಚರತ್ನಂ ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದು, ಆಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ, 1969ರಲ್ಲಿ ಮೂವತ್ತೈದರ ಹರೆಯದಲ್ಲೇ ತೀರಿಕೊಂಡರು. 1984ರಲ್ಲಿ ಬ್ರಿಟನ್ನಿನ ಮೈಕಲ್ ಬೆರ್ರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಇಂಥದೇ ಜ್ಯಾಮಿತೀಯ ಸರಿತವನ್ನು ವಿವರಿಸಿದರು. 1986ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು, ಇದರ ಒಂದು ರೂಪ ಮೂವತ್ತು ವರ್ಷ ಹಿಂದೆಯೇ ಬೆಂಗಳೂರಿನಲ್ಲಿ ಬೆಳಕಿನಲ್ಲಿ ಕಂಡಿತ್ತು ಎಂದು ತೋರಿಸಿದರು. ಬೆರ್ರಿಯವರೂ ಅದನ್ನು ಎತ್ತಿ ಹಿಡಿದರು. ಈಗ ಅದರ ಹೆಸರು ಪಂಚರತ್ನಂ-ಬೆರ್ರಿ ಫೇಸ್.

ಪಾಲಿಮರ್ ಕೆತ್ತನೆಗೆ ಇದರಿಂದ ಏನು ಲಾಭ? ವೃತ್ತಾಕಾರ ಧ್ರುವೀಕರಣದ ಬೆಳಕು ‘ಅರ್ಧ ತರಂಗ’ ಫಲಕವೊಂದನ್ನು ದಾಟಿದರೆ ಅದರ ಸುತ್ತು ಎಡದಿಂದ ಬಲಕ್ಕೆ ಮಗುಚುತ್ತದೆ. ಜೊತೆಗೆ ಫಲಕವನ್ನು ಎಷ್ಟು ಕೋನ ತಿರುಗಿಸಿ ಇಟ್ಟಿದ್ದೇವೋ ಅದರ ಎರಡರಷ್ಟು ಅಲೆ ಸರಿಯುತ್ತದೆ. ಹಾಗಾದರೆ ಎಲ್ಲ ಕಡೆ ಒಂದೇ ದಪ್ಪವಿರುವ, ಆದರೆ ಜಾಗ ಜಾಗಕ್ಕೆ ಅಣುಗಳ ದಿಕ್ಕು ಬೇರೆ ಬೇರೆ ಇರುವ ತೆಳು ಪದರದಿಂದಲೇ ಮಸೂರ ಮಾಡಬಹುದು, ಸುರುಳಿ ಮೆಟ್ಟಿಲು ಮಾಡಬಹುದು. ದಪ್ಪದಿಂದಲ್ಲ, ದಿಕ್ಕಿನಿಂದ ಬೆಳಕಿಗೆ ಆಕಾರ. 2006ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಲೊರೆಂಜೊ ಮರುಚ್ಚಿ ಅವರ ತಂಡ ದ್ರವ ಹರಳಿನಿಂದ ಇಂಥ ಫಲಕ ಮಾಡಿ ತಿರುಚು ಬೆಳಕನ್ನು ಪಡೆಯಿತು. ಅವರದೇ ಊರಿನ ಪ್ರಯೋಗಾಲಯದಲ್ಲಿ 2012ರಲ್ಲಿ ತಿರುಚು ಬೆಳಕನ್ನು ಆಜೊ-ಪಾಲಿಮರ್ ಎಂಬ ಪದರದ ಮೇಲೆ ಬೀಳಿಸಿದಾಗ ಪದರ ತಾನೇ ಸರಿದು ಸುರುಳಿ ಉಬ್ಬು ಮೂಡಿತು. ಬೆಳಕಿನ ತಿರುಚು ಎಡಕ್ಕಿದ್ದರೆ ಒಂದು ಸುರುಳಿ, ಬಲಕ್ಕಿದ್ದರೆ ಅದರ ಕನ್ನಡಿ ಬಿಂಬ. ವಡೆಯ ಹೊಳಪು ಎರಡರಲ್ಲೂ ಒಂದೇ. ಕಣ್ಣಿಗೆ ಕಾಣದ ತಡದ ನಕ್ಷೆಯನ್ನು ಪಾಲಿಮರ್ ಓದಿಕೊಂಡಿತ್ತು. 2018ರಲ್ಲಿ ಜಪಾನಿನ ಚೀಬಾ ಮತ್ತು ಸ್ಕಾಟ್ಲೆಂಡಿನ ಸಂಶೋಧಕರು ದ್ರವ ರೆಸಿನ್‌ನಲ್ಲಿ ಇಂಥ ಬೆಳಕಿನಿಂದಲೇ ಹಗ್ಗದಂತೆ ಹುರಿಗೊಂಡ ಸೂಕ್ಷ್ಮ ಎಳೆಗಳನ್ನು ಬೆಳೆಸಿದರು.

ದ್ರವ ಹರಳಿಗೂ ನಮ್ಮ ಕಡೆಯ ನಂಟಿದೆ. ಪಂಚರತ್ನಂ ಅವರ ಅಣ್ಣ ಎಸ್. ಚಂದ್ರಶೇಖರ್ ಮೈಸೂರಿನಲ್ಲಿ ಭೌತಶಾಸ್ತ್ರ ಕಲಿಸಿ, ರಾಮನ್ ಸಂಸ್ಥೆಗೆ ಬಂದು, 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ ತಟ್ಟೆಯಾಕಾರದ ಅಣುಗಳ ದ್ರವ ಹರಳನ್ನು ಕಂಡುಹಿಡಿದರು. (ಪರದೆಗಳಲ್ಲಿ ಇರುವುದು ಕಡ್ಡಿಯಾಕಾರದ ಅಣುಗಳು, ಎರಡನ್ನೂ ಒಂದೇ ಎಂದುಕೊಳ್ಳಬಾರದು. ನಕ್ಷತ್ರಗಳ ಬಗ್ಗೆ ನೊಬೆಲ್ ಪಡೆದ ಚಂದ್ರಶೇಖರ್ ಬೇರೆಯವರು, ಅವರೂ ರಾಮನ್ ಬಂಧುವೇ ಆದ್ದರಿಂದ ರಸಪ್ರಶ್ನೆಗಳಲ್ಲಿ ಗೊಂದಲವಾಗುತ್ತದೆ.) 1991ರಲ್ಲಿ ಅವರು ಜಾಲಹಳ್ಳಿಯಲ್ಲಿ ದ್ರವ ಹರಳು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ತಮ್ಮ ಕಂಡ ಜ್ಯಾಮಿತಿ, ಅಣ್ಣ ಬಾಳಿಡೀ ಕಲಿತ ವಸ್ತು, ಎರಡೂ ನೇಪಲ್ಸ್‌ನ ಒಂದು ತೆಳು ಫಲಕದಲ್ಲಿ ಭೇಟಿಯಾದವು. ಇದನ್ನು ಹೇಳುವಾಗ ನಾನು ಪಾಠಯೋಜನೆಯ ಸಮಯ ಮೀರಿದ್ದೆ.

ಸೆಲ್ಲೋಟೇಪ್ ಪ್ರಯೋಗವನ್ನು ಮಾತ್ರ ಯಾರೂ ಬಿಡಬೇಡಿ, ಖರ್ಚಿಲ್ಲ. ಲ್ಯಾಪ್‌ಟಾಪ್ ಪರದೆಯನ್ನು ಪೂರ್ತಿ ಬಿಳಿ ಮಾಡಿ. ಅದರಿಂದ ಬರುವುದು ಧ್ರುವೀಕೃತ ಬೆಳಕು. ಕೆಟ್ಟ ಕ್ಯಾಲ್ಕುಲೇಟರ್‌ನಿಂದ ಬಿಡಿಸಿದ ಪೋಲರಾಯ್ಡ್ ಹಾಳೆಯನ್ನು ಕಣ್ಣಿಗೆ ಹಿಡಿದು ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ನಡುವೆ ಟೇಪ್ ಅಂಟಿಸಿದ ಗಾಜು ಹಿಡಿದರೆ ಟೇಪ್ ಇದ್ದಲ್ಲಿ ಬೆಳಕು ಹೊಳೆಯುತ್ತದೆ. ಎರಡು ಮೂರು ಪದರ ಹಚ್ಚಿದರೆ ಬಣ್ಣಗಳು ಬರುತ್ತವೆ. ಟೇಪನ್ನು ತಿರುಗಿಸಿದಂತೆ ಹೊಳಪು ಬಂದು ಹೋಗುತ್ತದೆ, 45 ಡಿಗ್ರಿಯಲ್ಲಿ ಅತಿ ಹೆಚ್ಚು. ದಪ್ಪ ಬದಲಾಗಿಲ್ಲ, ದಿಕ್ಕು ಬದಲಾಯಿತು. ಇದು ಅಲೆಯ ಸರಿತವನ್ನು ನೇರವಾಗಿ ತೋರಿಸುವುದಿಲ್ಲ, ಪಾರದರ್ಶಕ ವಸ್ತುವಿನ ದಿಕ್ಕಿಗೆ ಬೆಳಕು ಸ್ಪಂದಿಸುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ಹಾಗೆಂದು ಮಕ್ಕಳಿಗೆ ಹೇಳಿಬಿಡಬೇಕು.

ಇಷ್ಟೆಲ್ಲದರ ಉಪಯೋಗವೇನು ಎಂದು ಕೇಳಿದವರಿಗೆ ಒಂದೇ ಉದಾಹರಣೆ ಕೊಟ್ಟೆ. 2016ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎರಡು ಫೋಟಾನ್ ವಿಧಾನದಿಂದ ಕೂದಲಿನಷ್ಟು ಸಪೂರವಾದ ಗಾಜಿನೆಳೆಯ ತುದಿಯ ಮೇಲೆ ಹಲವು ಮಸೂರಗಳ ಒಂದು ಪೂರ್ಣ ಜೋಡಣೆಯನ್ನೇ ಮುದ್ರಿಸಿದರು. ದೇಹದ ಒಳಗೆ ನೋಡುವ ಎಂಡೋಸ್ಕೋಪ್ ಎಷ್ಟು ಸಣ್ಣದಾಗಬಹುದು ಎಂಬುದನ್ನು ಮಕ್ಕಳು ತಾವೇ ಊಹಿಸಿದರು.

ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಕರು ‘ವಿಷಯ ಪಠ್ಯದಿಂದ ಆಚೆ ಹೋಗಿದೆ’ ಎಂದು ಬರೆದರು. ಅದು ನಿಜ, ಒಂದು ಅವಧಿ ಹೆಚ್ಚು ತೆಗೆದುಕೊಂಡೆ. ಆದರೆ ಬೆಳಕಿನ ದಾರಿಯಲ್ಲಿರುವ ವಸ್ತು ತೀರಾ ಸಣ್ಣದಾದರೆ ಸರಳರೇಖೆಯ ಮಾತು ನಿಲ್ಲುವುದಿಲ್ಲ ಎಂದು ಅದೇ ಅಧ್ಯಾಯದ ಆರಂಭದಲ್ಲಿ ಒಂದು ಚೌಕಟ್ಟಿನೊಳಗೆ ಬರೆದಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ನಾವು ಅದನ್ನು ಹಾರಿಸುತ್ತೇವೆ. ನಾನೂ ಮೊದಲ ದಿನ ಹಾರಿಸಿದ್ದೆ.

ಎರಡನೇ ಪಾಠದ ಆರಂಭದಲ್ಲೇ ನಾನು ಆ ಹುಡುಗನಿಗೆ, “ನೀನು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು” ಎಂದು ಎಲ್ಲರೆದುರು ಹೇಳಿದ್ದೆ. ಅವನು ತಲೆ ಎತ್ತಲಿಲ್ಲ. ಮರುದಿನ ಮಾತ್ರ ಪ್ಲಾಸ್ಟಿಕ್ ಕವರ್‌ನಲ್ಲಿ ನಾಲ್ಕೈದು ಅಕ್ರಿಲಿಕ್ ತುಂಡು ತಂದ. ದಪ್ಪ ತುಂಡಿನ ಮೇಲಿನ ಮತ್ತು ಕೆಳಗಿನ ಅಗಲವನ್ನು ವರ್ನಿಯರ್‌ನಲ್ಲಿ ಅಳೆಸಿದೆವು, ಎರಡೂ ಬೇರೆ ಬೇರೆ ಬಂದವು. ಒಂದು ತುಂಡಿನಲ್ಲಿ ಮಾತ್ರ ವ್ಯತ್ಯಾಸ ಬಹಳ ಕಡಿಮೆ. ಏಕೆಂದು ಕೇಳಿದೆ. “ಅಪ್ಪನ್ನ ಕೇಳ್ದೆ ಮಿಸ್. ದಪ್ಪ ಶೀಟ್‌ಗೆ ಫೋಕಸ್ ಮೇಲೆ ಇಡಲ್ವಂತೆ, ಸ್ವಲ್ಪ ಒಳಗೆ ಇಳಿಸ್ತಾರಂತೆ. ಆಗ ಎರಡೂ ಕಡೆ ಸಮ ಬರುತ್ತಂತೆ” ಎಂದ. ಆಮೇಲೆ ತಾನೇ ಕರಿಹಲಗೆಗೆ ಹೋಗಿ ಹಾಳೆ ಬರೆದು, ಡಮರುವಿನ ಸೊಂಟವನ್ನು ಅದರ ನಡುವಿಗೆ ಇಳಿಸಿ ಬರೆದ. ಆ ಚಿತ್ರವನ್ನು ನನ್ನ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣದಲ್ಲಿ ಅಂಟಿಸಿದ್ದೇನೆ.